ನೈರೋಬಿಯ ನೆರೆಮನೆಯ ಹಬ್ಬಕ್ಕೆ ಸಿಹಿಗುಂಬಳದ ಪೈ

ಓದುಗರ ಪತ್ರ: ನಾವು ನೈರೋಬಿಗೆ ಬಂದು ಎರಡು ವರ್ಷವಾಯಿತು. ಪಕ್ಕದ ಮನೆಯಲ್ಲಿ ಅಮೆರಿಕದ ಮಿಷನರಿ ಕುಟುಂಬವಿದೆ, ಮೂವರು ಮಕ್ಕಳು. ಥ್ಯಾಂಕ್ಸ್‌ಗಿವಿಂಗ್ ಎಂಬ ಅವರ ಕೃತಜ್ಞತೆಯ ಹಬ್ಬದ ಊಟಕ್ಕೆ ಕರೆದಿದ್ದಾರೆ. ಅವರ ಓವನ್ ಚಿಕ್ಕದು, ಅದರಲ್ಲಿ ಕೋಳಿ ಇರುತ್ತದೆ. ಸಿಹಿಗುಂಬಳದ ಪೈ ನಿಮ್ಮ ಓವನ್ನಿನಲ್ಲಿ ಮಾಡಿಕೊಡುತ್ತೀರಾ ಎಂದು ಆಕೆ ಕೇಳಿ, ಬರೆದಿಟ್ಟ ಅಳತೆಯನ್ನೂ ಕೊಟ್ಟರು. ಒಮ್ಮೆ ಮಾಡಿ ನೋಡಿದೆ. ಮೇಲೆ ಬಿರುಕು, ನಡುವೆ ನೀರು, ತಳ ಹಸಿ. ತಪ್ಪಿದ್ದೆಲ್ಲಿ? ನಾವು ಮೊಟ್ಟೆ ತಿನ್ನುತ್ತೇವೆ, ಮಾಂಸ ಇಲ್ಲ. ಅಲ್ಲಿ ಏನು ತಿನ್ನಬಹುದು? ಡಿಸೆಂಬರ್ ಪೂರ್ತಿ ಅವರ ಮನೆಯಲ್ಲಿ ಅಷ್ಟೊಂದು ಗಡಿಬಿಡಿ ಯಾಕೆ? ಪ್ರಾರ್ಥನೆ ಇರುತ್ತದಲ್ಲ, ಹೋಗುವುದು ಸರಿಯೇ ಎಂದು ನಮ್ಮ ಅತ್ತೆ ಕೇಳುತ್ತಿದ್ದಾರೆ.

ಸಂಪಾದಕರ ಉತ್ತರ:

ಮೊದಲು ಪೈ, ಅಂದರೆ ಹಿಟ್ಟಿನ ಕವಚದಲ್ಲಿ ಹೂರಣ ಸುರಿದು ಓವನ್ನಿನಲ್ಲಿ ಬೇಯಿಸುವ ಸಿಹಿ. ದಿನ ಹತ್ತಿರ ಬಂತು, ಇನ್ನೊಂದು ಸಲ ಮಾಡಿ ನೋಡಲು ನಿಮಗೆ ಸಮಯ ಬೇಕು.

ನಿಮಗೆ ಸಿಕ್ಕಿರುವ ಅಳತೆ ಡಬ್ಬಿಯ ಲೆಕ್ಕದ್ದು. ಅಮೆರಿಕದಲ್ಲಿ ಈ ಪೈಗೆ ಹೆಚ್ಚಿನವರು ಕುಂಬಳ ಹೆಚ್ಚುತ್ತಾ ಕೂರುವುದಿಲ್ಲ. 425 ಗ್ರಾಂನ ಒಂದು ಡಬ್ಬಿ ಕುಂಬಳದ ತಿರುಳು, 354 ಮಿಲಿಲೀಟರ್‌ನ ಒಂದು ಡಬ್ಬಿ ಎವಾಪೊರೇಟೆಡ್ ಹಾಲು (ಸಕ್ಕರೆ ಹಾಕದೆ ಬತ್ತಿಸಿದ ಹಾಲು), ಎರಡು ಮೊಟ್ಟೆ, ಮುಕ್ಕಾಲು ಕಪ್ ಸಕ್ಕರೆ, ಅಷ್ಟೆ. ಆ ಡಬ್ಬಿಯೊಳಗಿನ ಕುಂಬಳ ಹೆಚ್ಚಾಗಿ ಇಲಿನಾಯ್ ರಾಜ್ಯದಲ್ಲಿ ಬೆಳೆದದ್ದು. ಜಾತಿಯಲ್ಲಿ ಅದು ನಮ್ಮ ಸಿಹಿಗುಂಬಳದ ದಾಯಾದಿಯೇ, ಎರಡೂ ಕುಕುರ್ಬಿಟಾ ಮೊಸ್ಕಾಟಾ. ಹಾಗಾಗಿ ಮಾರುಕಟ್ಟೆಯಿಂದ ತಂದ ಕುಂಬಳದ ಮೇಲೆ ದೂರು ಹೊರಿಸಬೇಡಿ. ಕಾರ್ಖಾನೆಯಲ್ಲಿ ಅದರ ನೀರನ್ನು ತೆಗೆದಿರುತ್ತಾರೆ, ನೀವು ತೆಗೆಯಲಿಲ್ಲ. ನಡುವೆ ನಿಂತ ನೀರು ಅದೇ.

ಗಟ್ಟಿ ತೂಕದ, ಒಳಗೆ ಕಡುಕಿತ್ತಳೆ ಬಣ್ಣದ ಸುಮಾರು 1.2 ಕೆಜಿ ಕುಂಬಳ ತನ್ನಿ. ನೀರಲ್ಲಿ ಬೇಯಿಸಬೇಡಿ, ಕುಕ್ಕರಿಗಂತೂ ಬೇಡವೇ ಬೇಡ. ಎರಡು ಹೋಳು ಮಾಡಿ, ಬೀಜ ತೆಗೆದು, ಕತ್ತರಿಸಿದ ಮೈ ಕೆಳಗಾಗಿ ತಟ್ಟೆಯಲ್ಲಿಟ್ಟು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 45ರಿಂದ 60 ನಿಮಿಷ ಸುಡಿ. ತಿರುಳು ಕೆರೆದು, ನುಣ್ಣಗೆ ಮಾಡಿ, ತೆಳು ಬಟ್ಟೆಯಲ್ಲಿ ಕಟ್ಟಿ ಶ್ರೀಖಂಡದ ಮೊಸರಿನ ಹಾಗೆ ಎರಡು ಮೂರು ಗಂಟೆ ತೂಗುಹಾಕಿ. ಸಾಕಾಯಿತೋ ಇಲ್ಲವೋ ತಿಳಿಯಲು ಒಂದು ಚಮಚ ತಟ್ಟೆಯ ಮೇಲಿಟ್ಟು ಐದು ನಿಮಿಷ ಬಿಡಿ. ಸುತ್ತ ನೀರಿನ ಉಂಗುರ ಮೂಡಿದರೆ ಅಗಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸಿ ಒಣಗಿಸಿ. ಆಮೇಲೆ 425 ಗ್ರಾಂ ತೂಗಿ ತೆಗೆದುಕೊಳ್ಳಿ.

ಎವಾಪೊರೇಟೆಡ್ ಹಾಲು ಸಿಗದೆ ಕಂಡೆನ್ಸ್ಡ್ ಹಾಲಿನ ಡಬ್ಬಿ ತಂದಿದ್ದರೆ ಅದು ಬೇರೆಯೇ ಪದಾರ್ಥ, ಅದರಲ್ಲಿ ಸಕ್ಕರೆ ತುಂಬಿರುತ್ತದೆ. ಬಾಸುಂದಿ ಮಾಡಿ ಗೊತ್ತಿರುವವರಿಗೆ ಡಬ್ಬಿಯೇ ಬೇಡ. 900 ಮಿಲಿಲೀಟರ್ ಗಟ್ಟಿ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ 360ಕ್ಕೆ ಬತ್ತಿಸಿ, ಕೆನೆಯನ್ನು ಒಳಗೇ ಕದಡಿ, ಪೂರ್ತಿ ತಣಿಸಿ. ಬಿಸಿಯಿದ್ದಾಗ ಬೆರೆಸಿದರೆ ಮೊಟ್ಟೆ ಅಲ್ಲೇ ಬೆಂದು ಗಂಟಾಗುತ್ತದೆ. ಸಕ್ಕರೆ 150 ಗ್ರಾಂ. ಬೆಲ್ಲವೂ ಚೆನ್ನಾಗಿ ಒಗ್ಗುತ್ತದೆ, ಕೀನ್ಯಾದಲ್ಲಿ ಸುಕಾರಿ ಗುರು ಎಂದು ಕೇಳಿ. ಅದನ್ನು ಕುಂಬಳದ ತಿರುಳಿಗೆ ಬೆರೆಸಿ. ಬಿಸಿ ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಟೀಚಮಚ ದಾಲ್ಚಿನ್ನಿ ಪುಡಿ, ಅರ್ಧ ಟೀಚಮಚ ಒಣಶುಂಠಿ ಪುಡಿ, ಕಾಲು ಟೀಚಮಚ ಲವಂಗದ ಪುಡಿ, ಅರ್ಧ ಟೀಚಮಚ ಉಪ್ಪು. ಇವನ್ನೂ ತಿರುಳು, ಹಾಲು, ಮೊಟ್ಟೆಯನ್ನೂ ಕದಡಿದರೆ ಹೂರಣ. ಏಲಕ್ಕಿಗೆ ಕೈ ಹಾಕಬೇಡಿ. ಹಾಕಿದರೆ ರುಚಿ ಕೆಡುವುದಿಲ್ಲ, ಆದರೆ ಹೋಳಿಗೆ ಹೂರಣದ ಪರಿಮಳ ಬರುತ್ತದೆ. ಆ ಮಕ್ಕಳು ಈ ಪೈಯಲ್ಲಿ ಹುಡುಕುವುದು ಅಜ್ಜಿಮನೆಯ ಪರಿಮಳವನ್ನು.

ಈಗ ಹಸಿ ತಳ. ಹೊರಗವಚವನ್ನು ನಾವು ಕಣಕ ಎಂದೇ ಕರೆಯೋಣ, ಆದರೆ ಹೋಳಿಗೆಯ ಕಣಕದ ಹಾಗೆ ನಾದಬಾರದು. ನಾದಿದಷ್ಟೂ ಜಿಗುಟು ಹೆಚ್ಚಿ, ಓವನ್ನಿನಲ್ಲಿ ಕಣಕ ಕುಗ್ಗಿ ಅಂಚಿನಿಂದ ಕೆಳಗೆ ಜಾರುತ್ತದೆ. 160 ಗ್ರಾಂ ಮೈದಾ ಬೇಕು. ಅಲ್ಲಿನ ಅಂಗಡಿಯಲ್ಲಿ ಹೋಮ್ ಬೇಕಿಂಗ್ ಎಂದು ಬರೆದ ಪೊಟ್ಟಣ ಅದು, ಚಪಾತಿ ಹಿಟ್ಟೂ ಅಲ್ಲ, ಸೆಲ್ಫ್ ರೈಸಿಂಗ್ ಹಿಟ್ಟೂ ಅಲ್ಲ. ಅರ್ಧ ಟೀಚಮಚ ಉಪ್ಪು, ಫ್ರಿಜ್ಜಿನಿಂದ ಆಗಷ್ಟೇ ತೆಗೆದ 113 ಗ್ರಾಂ ಬೆಣ್ಣೆ. ಅಮೆರಿಕನ್ನರು ಒಂದು ಸ್ಟಿಕ್ ಎನ್ನುವುದು ಇಷ್ಟಕ್ಕೇ. ಬೆರಳ ತುದಿಯಲ್ಲಿ ಉಜ್ಜಿ, ಕಡಲೆಕಾಳು ಗಾತ್ರದ ಬೆಣ್ಣೆ ಚೂರು ಉಳಿದಿರುವಾಗಲೇ ನಿಲ್ಲಿಸಿ. ಮೂರು ನಾಲ್ಕು ಊಟದ ಚಮಚ ಐಸ್ ನೀರು ಚಿಮುಕಿಸಿ ಒತ್ತಿ ಮುದ್ದೆ ಮಾಡಿ. ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, 23 ಸೆಂಟಿಮೀಟರ್ ಅಗಲದ ತಟ್ಟೆಗೆ ಹಾಸಿ, ಮತ್ತೆ 20 ನಿಮಿಷ ತಣ್ಣಗಿಡಿ.

ಹೂರಣ ಸುರಿಯುವ ಮೊದಲು ಬರಿಯ ಕಣಕವನ್ನು ಬೇಯಿಸಬೇಕು. ನೀವು ಬಿಟ್ಟದ್ದು ಈ ಹಂತವನ್ನೇ ಇರಬೇಕು. ಡಬ್ಬಿಯ ಕುಂಬಳಕ್ಕೆ ಅನೇಕರು ಹಸಿ ಕಣಕದಲ್ಲೇ ಸುರಿದು ಪಾರಾಗುತ್ತಾರೆ, ಮನೆಯ ತಿರುಳಿಗೆ ಅದು ನಡೆಯುವುದಿಲ್ಲ. ಕಣಕದ ಮೇಲೆ ಬೇಕಿಂಗ್ ಕಾಗದ ಹಾಸಿ, ಅದು ಉಬ್ಬದಂತೆ ಒಣ ರಾಜ್ಮಾ ತುಂಬಿಸಿ 200 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಕಾಳು, ಕಾಗದ ತೆಗೆದು ಇನ್ನೊಂದು ಐದಾರು ನಿಮಿಷ. ಆ ಕಾಳು ಇನ್ನು ಸಾರಿಗೆ ಬಾರದು, ಮುಂದಿನ ಪೈಗೆ ಎತ್ತಿಡಿ. ಆಮೇಲೆ ಹೂರಣ ಸುರಿದು, ಕೆಳಗಿನ ಹಲಗೆಯಲ್ಲಿ 180 ಡಿಗ್ರಿಗೆ 45ರಿಂದ 55 ನಿಮಿಷ. ಚಿಕ್ಕ ವಿದ್ಯುತ್ ಓವನ್ ಆದರೆ ಮೇಲಿನ ಸುರುಳಿ ಮಾತ್ರ ಉರಿಯುತ್ತಿಲ್ಲವಷ್ಟೇ ಎಂದು ಗುಂಡಿ ನೋಡಿ. ಎಷ್ಟೋ ಹಸಿ ತಳಗಳಿಗೆ ಕಾರಣ ಅದೇ. ಅವರ ಚೀಟಿಯಲ್ಲಿ 425, 350 ಎಂದಿದ್ದರೆ ಅದು ಫ್ಯಾರನ್‌ಹೀಟ್, ನಿಮ್ಮ ಓವನ್ನಿನಲ್ಲಿ ಸುಮಾರು 220 ಮತ್ತು 180. ಕಪ್ಪಿನಲ್ಲೂ ವ್ಯತ್ಯಾಸವಿದೆ: ಅಮೆರಿಕದ್ದು 237 ಮಿಲಿಲೀಟರ್, ಅಂಗಡಿಯಲ್ಲಿ ಸಿಗುವ ಮೆಟ್ರಿಕ್ ಕಪ್ 250.

ಬಿರುಕು ಅತಿಯಾಗಿ ಬೆಂದದ್ದರ ಗುರುತು. ನಡುವಿನ ನೀರು ಆರಲೆಂದು ನೀವು ಕಾದಿರಿ, ಅಷ್ಟರಲ್ಲಿ ಅಂಚಿನ ಮೊಟ್ಟೆ ಬಿಗಿದು ಸೆಳೆಯಿತು. ಅಂಚು ಗಟ್ಟಿಯಾಗಿ, ನಡುವೆ ಅಂಗೈಗಿಂತ ಚಿಕ್ಕದೊಂದು ವೃತ್ತ ಗಿಣ್ಣಿನ ಹಾಗೆ ಅದುರುತ್ತಿರುವಾಗಲೇ ತೆಗೆಯಿರಿ. ಉಳಿದದ್ದು ತನ್ನ ಬಿಸಿಯಲ್ಲೇ ಗಟ್ಟಿಯಾಗುತ್ತದೆ. ಮೂರು ಗಂಟೆ ಕತ್ತರಿಸಬೇಡಿ. ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಒಳ್ಳೆಯದು.

ನೈರೋಬಿಯ ಎತ್ತರ ಸುಮಾರು 1,700 ಮೀಟರ್, ನೀರು 94 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಪೈಗೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಡಿಸೆಂಬರಿನಲ್ಲಿ ಅವರು ಮಾಡುವ ಕೇಕು, ಸಕ್ಕರೆ ಪಾಕದ ಮಿಠಾಯಿಯಾದ ಫಡ್ಜ್‌ಗಳಿಗಿದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಕೇಕು ಬೇಗ ಉಬ್ಬಿ ನಡುವೆ ಕುಸಿಯುತ್ತದೆ. ಬೇಕಿಂಗ್ ಪೌಡರ್ ಪ್ರತಿ ಟೀಚಮಚಕ್ಕೆ ಕಾಲು ಭಾಗ ಕಡಿಮೆ ಮಾಡಿ, ಎರಡು ಚಮಚ ಹಾಲು ಹೆಚ್ಚಿಸಿ, ಓವನ್ ಹತ್ತು ಡಿಗ್ರಿ ಏರಿಸಬೇಕು. ಫಡ್ಜ್‌ಗೆ ಸಕ್ಕರೆ ಪಾಕದ ಶಾಖಮಾಪಕವನ್ನು ಮೊದಲು ಕುದಿಯುವ ನೀರಲ್ಲಿಟ್ಟು, 100ಕ್ಕಿಂತ ಎಷ್ಟು ಕಡಿಮೆ ತೋರಿಸುತ್ತದೋ ಅಷ್ಟನ್ನು ಬರೆದಿಟ್ಟ ಅಂಕಿಯಿಂದ ಕಳೆಯಬೇಕು. ಕಳೆಯದಿದ್ದರೆ ಕಲ್ಲಾಗುತ್ತದೆ. ಉಂಡೆಪಾಕವನ್ನು ನೀರಲ್ಲಿ ಬಿಟ್ಟು ನೋಡುವ ನಮ್ಮ ಪದ್ಧತಿಗೆ ಎತ್ತರದ ಹಂಗಿಲ್ಲ. ಅವರಿಗೆ ತೋರಿಸಿಕೊಡಿ.

ಊಟದ ಮೇಜಿಗೆ ಬರೋಣ. ನೀವು ಧೈರ್ಯವಾಗಿ ತಿನ್ನಬಹುದಾದವು ಬನ್ನು, ಮೆಕ್ಕೆಜೋಳದ ಬ್ರೆಡ್, ಬೇಯಿಸಿದ ಮೆಕ್ಕೆಜೋಳ, ಹುಳಿ ಕೆಂಪು ಹಣ್ಣಿನ ಕ್ರ್ಯಾನ್‌ಬೆರಿ ಸಾಸ್. ಕೇಳಿ ತಿನ್ನಬೇಕಾದವು ಹೆಚ್ಚಿವೆ. ಸ್ಟಫಿಂಗ್ ಎಂಬ ಬ್ರೆಡ್ಡಿನ ಪಲ್ಯ ಸಾಮಾನ್ಯವಾಗಿ ಕೋಳಿ ಸಾರಿನಲ್ಲಿ ನೆನೆದಿರುತ್ತದೆ. ಆಲೂಗೆಡ್ಡೆ ಮುದ್ದೆ ಸಸ್ಯಾಹಾರವೇ, ಅದರ ಮೇಲೆ ಸುರಿಯುವ ಗ್ರೇವಿ ಅಲ್ಲ. ಹುರುಳಿಕಾಯಿಯಲ್ಲಿ ಬೇಕನ್ ಎಂಬ ಹಂದಿಮಾಂಸದ ಚೂರು ಇರಬಹುದು. ಸಿಹಿಗೆಣಸಿನ ಮೇಲಿನ ಬಿಳಿ ಮಾರ್ಷ್‌ಮ್ಯಾಲೋ ಮತ್ತು ಬಣ್ಣದ ಜೆಲ್ಲಿಯಲ್ಲಿ ಜೆಲಟಿನ್, ಅಂದರೆ ಪ್ರಾಣಿಯ ಚರ್ಮ, ಮೂಳೆಯ ಸಾರ. ಎರಡು ದಿನ ಮೊದಲೇ ಹೇಳಿಬಿಡಿ. ಬಡಿಸುವ ಹೊತ್ತಿಗೆ ಹೇಳಿದರೆ ಆಕೆಗೆ ಏನೂ ಮಾಡಲಾಗದು, ಮೊದಲೇ ತಿಳಿದರೆ ಸ್ಟಫಿಂಗನ್ನು ತರಕಾರಿ ಬೇಯಿಸಿದ ನೀರಿನಲ್ಲಿ ಬೇರೆ ಪಾತ್ರೆಗೆ ಮಾಡುವುದು ಕಷ್ಟವಲ್ಲ.

ಕ್ರ್ಯಾನ್‌ಬೆರಿ ಗಿಡಕ್ಕೆ ಕಾಯಿ ಬಿಡಲು ಚಳಿಗಾಲದ ಕೊರೆತ ಬೇಕು, ಸಮಭಾಜಕದ ಬಳಿ ಬೆಳೆಯದು. ಆಕೆಗೆ ಡಬ್ಬಿ ಸಿಗದಿದ್ದರೆ ಉತ್ತರ ಕರ್ನಾಟಕದವರಿಗೆ ಗೊತ್ತಿರುವ ಪುಂಡಿಯೇ ಪರಿಹಾರ. ಆ ಗಿಡದ ಕೆಂಪು ಹೂಗವಚವನ್ನು ಒಣಗಿಸಿ ಹಿಬಿಸ್ಕಸ್ ಚಹಾ ಎಂದು ಮಾರುತ್ತಾರೆ. 50 ಗ್ರಾಂ ಒಣ ಕವಚವನ್ನು ಅರ್ಧ ಲೀಟರ್ ನೀರಲ್ಲಿ ಹತ್ತು ನಿಮಿಷ ಕುದಿಸಿ ಸೋಸಿ, ತುರಿದ ಎರಡು ಹುಳಿ ಸೇಬು, 200 ಗ್ರಾಂ ಸಕ್ಕರೆ ಹಾಕಿ ಗಟ್ಟಿಯಾಗುವವರೆಗೆ ಬತ್ತಿಸಿ. ಸೇಬಿನ ಪೆಕ್ಟಿನ್ ಹಿಡಿದುಕೊಳ್ಳುತ್ತದೆ. ಹುಳಿಯೂ ಬಣ್ಣವೂ ಬಹಳ ಹತ್ತಿರ.

ದಿನವನ್ನು ಇನ್ನೊಮ್ಮೆ ಕೇಳಿಕೊಳ್ಳಿ. 1941ರ ಕಾನೂನಿನಂತೆ ಅಮೆರಿಕದಲ್ಲಿ ಈ ಹಬ್ಬ ನವೆಂಬರಿನ ನಾಲ್ಕನೇ ಗುರುವಾರ. ಕೀನ್ಯಾದಲ್ಲಿ ಅಂದು ಮಾಮೂಲಿ ಕೆಲಸದ ದಿನ, ಹಾಗಾಗಿ ಶನಿವಾರಕ್ಕೆ ಇಟ್ಟುಕೊಳ್ಳುವವರೇ ಬಹಳ. ಊಟ ಮಧ್ಯಾಹ್ನ ಎರಡು ಮೂರಕ್ಕೆ ಶುರುವಾಗಬಹುದು. ವೈನ್ ಒಯ್ಯಬೇಡಿ, ಮದ್ಯ ಕೂಡದೆಂಬ ನಿಯಮ ಅನೇಕ ಮಿಷನ್‌ಗಳಲ್ಲಿದೆ. ಪೈ ಜೊತೆಗೆ ಹೆಸರುಬೇಳೆ ಕೋಸಂಬರಿ ಒಯ್ಯಿರಿ. ಆ ತಟ್ಟೆಯಲ್ಲಿ ಎಲ್ಲವೂ ಮೆದು, ಎಲ್ಲವೂ ಸಪ್ಪೆ ಸಿಹಿ. ನಿಂಬೆಹುಳಿಯ ಗರಿಗರಿ ಒಂದು ಇದ್ದರೆ ಊಟ ಎದ್ದು ನಿಲ್ಲುತ್ತದೆ.

ಡಿಸೆಂಬರಿನ ಗಡಿಬಿಡಿಗೆ ಅಲಂಕಾರ ಒಂದೇ ಕಾರಣವಲ್ಲ. ಈ ಕುಟುಂಬಗಳಲ್ಲಿ ಹೆಚ್ಚಿನವು ಬದುಕುವುದು ಊರಿನ ಚರ್ಚುಗಳೂ ಪರಿಚಿತರೂ ಕಳಿಸುವ ದೇಣಿಗೆಯಿಂದ. ಅಮೆರಿಕದ ತೆರಿಗೆ ವರ್ಷ ಡಿಸೆಂಬರ್ 31ಕ್ಕೆ ಮುಗಿಯುವುದರಿಂದ ಕೊಡುವವರು ವರ್ಷದ ಕೊನೆಗೆ ಕೊಡುತ್ತಾರೆ, ಅದಕ್ಕೆ ಮೊದಲು ವರ್ಷದ ಕೆಲಸದ ಪತ್ರ ಎಲ್ಲರಿಗೂ ತಲುಪಬೇಕು. ಇದು ಹಳೆಯ ರೂಢಿ. ಚೀನಾದಲ್ಲಿದ್ದ ಲಾಟಿ ಮೂನ್ ಎಂಬ ಬ್ಯಾಪ್ಟಿಸ್ಟ್ ಮಿಷನರಿ ಕ್ರಿಸ್ಮಸ್‌ಗೆ ಮೊದಲು ಕಾಣಿಕೆ ಎತ್ತಿರೆಂದು 1887ರಲ್ಲಿ ಪತ್ರ ಬರೆದರು. ಮರುವರ್ಷ 3,000 ಡಾಲರ್‌ಗೂ ಹೆಚ್ಚು ಕೂಡಿತು. ಇಂದಿಗೂ ಆ ಪಂಗಡದ ಕ್ರಿಸ್ಮಸ್ ಕಾಣಿಕೆಗೆ ಅವರದೇ ಹೆಸರು. ರಾತ್ರಿ ಹನ್ನೊಂದಕ್ಕೂ ನೆರೆಮನೆಯಲ್ಲಿ ದೀಪ ಉರಿಯುತ್ತಿದ್ದರೆ ಆಕೆ ಪತ್ರ ಬರೆಯುತ್ತಿರಬಹುದು. ಇಲ್ಲವೇ ಊರಿಗೆ ಕರೆ ಮಾಡುತ್ತಿರಬಹುದು: ನವೆಂಬರ್ ಮೊದಲ ಭಾನುವಾರ ಅಮೆರಿಕದ ಗಡಿಯಾರ ಹಿಂದೆ ಸರಿದ ಮೇಲೆ ನ್ಯೂಯಾರ್ಕಿಗೂ ನೈರೋಬಿಗೂ ಎಂಟು ಗಂಟೆ ಅಂತರ, ಅಜ್ಜಿಮನೆಯಲ್ಲಿ ಮಧ್ಯಾಹ್ನದ ಎರಡು ಎಂದರೆ ನೈರೋಬಿಯಲ್ಲಿ ರಾತ್ರಿ ಹತ್ತು.

ಸಾಮಾನು ತರಿಸುವುದೂ ಸುಲಭವಲ್ಲ. ಅಮೆರಿಕದ ಅಂಚೆ 2007ರಲ್ಲಿ ವಿದೇಶಕ್ಕೆ ಹಡಗಿನ ಪಾರ್ಸೆಲ್ ನಿಲ್ಲಿಸಿತು. ವಿಮಾನದ ಅಂಚೆಗೆ ವಸ್ತುವಿಗಿಂತ ಸಾಗಣೆಯೇ ದುಬಾರಿ, ಮೇಲೆ ಸುಂಕ. ಹಾಗಾಗಿ ಊರಿಂದ ಯಾರೇ ಬರಲಿ, 23 ಕೆಜಿ ಸೂಟ್‌ಕೇಸಿನಲ್ಲಿ ಒಂದೆರಡು ಡಬ್ಬಿ ಕುಂಬಳ, ಚಾಕೊಲೆಟ್ ಚೂರು, ಪುದಿನ ಮಿಠಾಯಿ ಬರುತ್ತವೆ. ಆಗಸ್ಟಿನಲ್ಲೇ ಪಟ್ಟಿ ಶುರುವಾಗುವುದು ಇದಕ್ಕೆ. ದೀಪದ ಸರ ತಂದರೆ ಮಾತ್ರ ವ್ಯರ್ಥ. ಅಮೆರಿಕದ್ದು 120 ವೋಲ್ಟ್, ಕೀನ್ಯಾದ್ದು 240. ಪ್ಲಗ್ಗಿನ ಅಡಾಪ್ಟರ್ ಕಡ್ಡಿಯ ಆಕಾರ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಹಳೆಯ ಪುಟ್ಟ ಬಲ್ಬುಗಳ ಸರ ಸಿಕ್ಕಿಸಿದ ಕ್ಷಣ ಸುಡುತ್ತದೆ. ಸರವನ್ನು ನೈರೋಬಿಯಲ್ಲೇ ಕೊಳ್ಳಲಿ. ಕೀನ್ಯಾದಲ್ಲಿ ಕ್ರಿಸ್ಮಸ್ ಮರ ಸಾಮಾನ್ಯವಾಗಿ ಸೈಪ್ರೆಸ್, ಕೊಂಬೆ ಮೆತ್ತಗೆ, ಭಾರದ ಗೊಂಬೆ ತಡೆಯದು. ಬುಡವನ್ನು ಎರಡು ಮೂರು ಸೆಂಟಿಮೀಟರ್ ಹೊಸದಾಗಿ ಕೊಯ್ದು ಜಲ್ಲಿ ತುಂಬಿದ ಬಕೆಟ್ಟಿನ ನೀರಲ್ಲಿಟ್ಟು ದಿನಾ ನೀರು ನೋಡಬೇಕು. ಒಣಗಿದ ಸೈಪ್ರೆಸ್ ಪಕ್ಕ ಮೇಣದಬತ್ತಿ ಅಪಾಯ.

ಹೀಗೆ ಎರಡು ದೇಶಗಳ ನಡುವೆ ಬೆಳೆಯುವ ಮಕ್ಕಳಿಗೆ ಮೂರನೇ ಸಂಸ್ಕೃತಿಯ ಮಕ್ಕಳು ಎಂಬ ಹೆಸರು ಬಂದದ್ದು 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ನರನ್ನು ಅಧ್ಯಯನ ಮಾಡಿದ ಜಾನ್ ಮತ್ತು ರೂತ್ ಯೂಸೀಮ್ ದಂಪತಿಯ ಕೆಲಸದಿಂದ. ನಿಮ್ಮ ಮಕ್ಕಳೂ ಈಗ ಅದೇ ಸಾಲಿನವರು. ಆ ಮೇಜಿನಲ್ಲಿ ಚಿಕ್ಕಪ್ಪ, ಅತ್ತೆ, ಸೋದರಸಂಬಂಧಿಗಳ ಜಾಗ ಖಾಲಿಯಿರುತ್ತದೆ. ನಿಮ್ಮನ್ನು ಕರೆದಿರುವುದು ಆ ಜಾಗಕ್ಕೆ.

ನಿಮ್ಮ ಅತ್ತೆಯವರಿಗೆ ನೇರವಾಗಿ ಹೇಳುತ್ತೇವೆ. ಊಟಕ್ಕೆ ಮೊದಲು ಪ್ರಾರ್ಥನೆ ಇರುತ್ತದೆ, ಒಂದೆರಡು ನಿಮಿಷ. ಕೈ ಹಿಡಿದುಕೊಳ್ಳಬಹುದು, ಸುಮ್ಮನೆ ಕುಳಿತರೆ ಸಾಕು. ಈ ವರ್ಷ ಯಾವುದಕ್ಕೆ ಕೃತಜ್ಞರು ಎಂದು ಒಬ್ಬೊಬ್ಬರೂ ಒಂದು ಮಾತು ಹೇಳುವ ಪದ್ಧತಿ ಅನೇಕ ಮನೆಗಳಲ್ಲಿದೆ. ನಿಮ್ಮ ಅತ್ತೆ ಕನ್ನಡದಲ್ಲೇ ಹೇಳಲಿ, ನೀವು ತಿಳಿಸಿ. ಅವರ ನಂಬಿಕೆಯನ್ನು ಹಂಚುವುದು ಅವರ ಕೆಲಸ, ಅದನ್ನು ಅವರು ಮುಚ್ಚಿಡುವುದಿಲ್ಲ. ಚರ್ಚಿಗೆ ಕರೆದರೆ ಬರುವುದಿಲ್ಲ ಎಂದು ನಗುತ್ತಾ ಹೇಳುವ ಹಕ್ಕು ನಿಮ್ಮದು. ಇಷ್ಟು ಸ್ಪಷ್ಟವಿದ್ದರೆ ಹೋಗಲು ಅಳುಕು ಬೇಡ.

ಡಿಸೆಂಬರ್ 26 ಕೀನ್ಯಾದಲ್ಲಿ ರಜೆ. ಮನೆಗೆಲಸದವರು ಊರಿಗೆ ಹೋಗಿರುತ್ತಾರೆ, ಅಂಗಡಿಗಳು ಅರ್ಧ ಮುಚ್ಚಿರುತ್ತವೆ, ಆಕೆಯ ಗ್ಯಾಸ್ ಸಿಲಿಂಡರ್ ಮುಗಿದಿದ್ದರೂ ಆಶ್ಚರ್ಯವಿಲ್ಲ. ಅಂದು ಅವರನ್ನು ನಿಮ್ಮ ಮನೆಗೆ ಕರೆಯಿರಿ. ಕೀನ್ಯಾದ ಮನೆಗಳಲ್ಲಿ ಕ್ರಿಸ್ಮಸ್ ಅಡುಗೆ ಎಂದರೆ ಚಪಾತಿ, ಪಿಲಾವ್, ಆ ಮಕ್ಕಳಿಗೆ ಅವು ಆಗಲೇ ರೂಢಿ. ನೀವು ದೋಸೆ ಹುಯ್ಯಿರಿ. ಚಟ್ನಿಗೆ ಹಸಿಮೆಣಸಿನಕಾಯಿ ಒಂದೇ ಸಾಕು; ಹಿಟ್ಟನ್ನು ಮಾತ್ರ 25ರ ಬೆಳಿಗ್ಗೆಯೇ ರುಬ್ಬಿಡಿ, ನೈರೋಬಿಯ ರಾತ್ರಿಗಳು ತಂಪು, ಹುಳಿ ಬರಲು ಬೆಂಗಳೂರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

— ಸಂಪಾದಕರು