ಘಟ್ಟ ಹತ್ತಿ ಬರುವ ಕಡಲ ಮೀನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಕೊಡಗಿನಿಂದ ಬಂದ ಪತ್ರಗಳಲ್ಲಿ ಕಡಲ ಮೀನಿನ ಪ್ರಶ್ನೆಗಳೇ ಹೆಚ್ಚು. ಉತ್ತರಕ್ಕೆ ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಮಡಿಕೇರಿ, ಸುಂಟಿಕೊಪ್ಪದ ಕಡೆಗೆ ಮೀನು ಬರುವುದು ಹೆಚ್ಚಾಗಿ ಮಂಗಳೂರು, ಮಲ್ಪೆಯಿಂದ, ಸಂಪಾಜೆ ಘಾಟಿ ಹತ್ತಿ. ಅಲ್ಲಿ ತುಳು ಹೆಸರುಗಳದೇ ರೂಢಿ. ವಿರಾಜಪೇಟೆ, ಗೋಣಿಕೊಪ್ಪಕ್ಕೆ ತಲಶ್ಶೇರಿ, ಕಣ್ಣೂರಿನ ಮೀನು ಮಾಕುಟ್ಟ ದಾರಿಯಾಗಿ ಬರುತ್ತದೆ, ಜೊತೆಗೆ ಮಲಯಾಳಂ ಹೆಸರುಗಳೂ ಬರುತ್ತವೆ. ಬೂತಾಯಿ, ಬೈಗೆ, ಮತ್ತಿ ಮೂರೂ ಒಂದೇ. ಬಂಗುಡೆಯೇ ಅಯಿಲ, ಅಂಜಲೇ ಅಯಕೂರ, ಮಾಂಜಿಯೇ ಆವೋಲಿ, ನಂಗ್ ಎಂದರೆ ಮಾಂದಲ್. ಗುಲಾಬಿ ಬಣ್ಣದ ಮದ್ಮಾಲ್ ಮೀನನ್ನು ಆ ಕಡೆ ಕಿಳಿಮೀನ್ ಎನ್ನುತ್ತಾರೆ. ಬೊಂಡಾಸ್ ಕೂಂದಲ್ ಆಗುತ್ತದೆ, ಪಚ್ಚಿಲೆ ಕಲ್ಲುಮ್ಮಕಾಯಿ ಆಗುತ್ತದೆ.

ಜೂನ್, ಜುಲೈಯಲ್ಲಿ ಮೀನುಗಾರಿಕೆ ನಿಷೇಧ ಎನ್ನುತ್ತಾರೆ. ಆದರೂ ಸಂತೆಯಲ್ಲಿ ಮೀನು ಇದ್ದೇ ಇರುತ್ತದೆ. ಅದು ಎಲ್ಲಿಂದ ಬರುತ್ತದೆ? ಕೊಳ್ಳಬಹುದೇ?
– ಓದುಗರು, ಮಡಿಕೇರಿ

ನಿಷೇಧ ಎಲ್ಲ ದೋಣಿಗಳಿಗೂ ಅಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಟ್ರಾಲ್ ಬೋಟು, ಪರ್ಸೀನ್ ಬೋಟುಗಳಂಥ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿಯೊಳಗಿನ ಎಂಜಿನ್ ಹಾಕಿದ ನಾಡದೋಣಿಗಳಿಗೆ ಅನುಮತಿ ಇದೆ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿ ಶುರುವಾಗಿ 52 ದಿನ ಇರುತ್ತದೆ. ಅಲ್ಲೂ ಸಾಂಪ್ರದಾಯಿಕ ದೋಣಿಗಳು ಮತ್ತಿ, ಅಯಿಲ ಹಿಡಿಯುತ್ತವೆ. ಮೂಡಣ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ಎರಡನೇ ಪಾಲಿನಿಂದ ತಮಿಳುನಾಡು, ಆಂಧ್ರದ ಮೀನು ಲಾರಿ ಹತ್ತಿ ನಮ್ಮ ಕಡೆಗೂ ಬರುತ್ತದೆ.

ಕೊಳ್ಳಬಹುದು, ಆದರೆ ನೋಡಿ ಕೊಳ್ಳಬೇಕು. ಮಳೆಗಾಲದ ಅಂಜಲ್, ಮಾಂಜಿ ಬಹುಪಾಲು ದೂರದಿಂದ ಬಂದದ್ದು ಅಥವಾ ಶೀತಲಗೃಹದಲ್ಲಿ ಇಟ್ಟದ್ದು. ನಾಡದೋಣಿಯ ಮೀನು ಸಣ್ಣ ಜಾತಿಯದು, ಪ್ರಮಾಣವೂ ಕಡಿಮೆ, ಕಡಲು ಶಾಂತವಿದ್ದ ದಿನ ಮಾತ್ರ ಸಿಗುತ್ತದೆ. ಕರಾವಳಿಯಲ್ಲಿ ಎರಡು ದಿನ ಭಾರಿ ಗಾಳಿ ಬೀಸಿದ ಸುದ್ದಿಯ ಮರುದಿನವೂ ಬುಟ್ಟಿ ತುಂಬ ‘ಇವತ್ತಿನ ಬೂತಾಯಿ’ ಕಂಡರೆ ಅದು ಇವತ್ತಿನದಲ್ಲ.

ಮತ್ತಿ ಒಂದು ವರ್ಷ ರಾಶಿರಾಶಿ, ಇನ್ನೊಂದು ವರ್ಷ ಹುಡುಕಿದರೂ ಇಲ್ಲ. ಸಿಕ್ಕರೂ ಕೆಲವು ತಿಂಗಳು ಬಾಣಲೆಯಲ್ಲಿ ಎಣ್ಣೆ ಬಿಡುವುದೇ ಇಲ್ಲ. ಯಾಕೆ?
– ಓದುಗರು, ವಿರಾಜಪೇಟೆ

ಈ ಮೀನಿನ ಆಯುಸ್ಸು ಹೆಚ್ಚೆಂದರೆ ಎರಡೂವರೆ ವರ್ಷದ ಆಸುಪಾಸು. ಒಂದು ವರ್ಷ ತುಂಬುವ ಹೊತ್ತಿಗೆ, ಸುಮಾರು 15 ಸೆಂ.ಮೀ. ಉದ್ದಕ್ಕೆ ಬಂದಾಗ, ಮೊದಲ ಬಾರಿ ಮೊಟ್ಟೆ ಇಡುತ್ತದೆ. ಅಂದರೆ ನಾವು ತಿನ್ನುವುದು ಬಹುಪಾಲು ಒಂದೆರಡು ಮಳೆಗಾಲದ ಸಂತಾನವನ್ನು. ಅಂಜಲ್‌ನಂಥ ದೊಡ್ಡ ಮೀನಿನಲ್ಲಿ ಹಲವು ವರ್ಷಗಳ ಮರಿಗಳು ಜೊತೆಗಿರುವುದರಿಂದ ಒಂದು ವರ್ಷ ಕೆಟ್ಟರೂ ತೂಗಿಸಿಕೊಳ್ಳುತ್ತದೆ. ಮತ್ತಿಗೆ ಆ ದಾಸ್ತಾನು ಇಲ್ಲ. ಒಂದು ಮಳೆಗಾಲ ಕೈಕೊಟ್ಟರೆ ಮುಂದಿನ ವರ್ಷವೇ ಬಲೆ ಖಾಲಿ.

ಮಳೆಗಾಲ ಕೈಕೊಡುವುದು ಎಂದರೇನು? ಮುಂಗಾರಿನ ಗಾಳಿ ಕರಾವಳಿಯ ಮೇಲ್ಮೈ ನೀರನ್ನು ಆಳ ಸಮುದ್ರದತ್ತ ತಳ್ಳುತ್ತದೆ. ಆ ಜಾಗಕ್ಕೆ ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಡಯಾಟಮ್ ಪಾಚಿ ಹುಲುಸಾಗಿ ಬೆಳೆಯುತ್ತದೆ. ಮತ್ತಿಯ ಮುಖ್ಯ ಊಟ ಅದೇ. ಜೂನ್‌ನಿಂದ ಆಗಸ್ಟ್ ವರೆಗೆ ಮೊಟ್ಟೆ ಇಡುವ ಕಾಲಕ್ಕೂ ಈ ಪಾಚಿಯ ಸುಗ್ಗಿಗೂ ತಾಳೆಯಾದರೆ ಮರಿಗಳು ಉಳಿಯುತ್ತವೆ. ಗಾಳಿ ದುರ್ಬಲವಾದರೆ ಊಟವಿಲ್ಲ. ನೀರು ಅತಿಯಾಗಿ ಮೇಲೆದ್ದರೆ ಆಮ್ಲಜನಕ ಕಡಿಮೆ ಇರುವ ನೀರೇ ದಡದತ್ತ ಬಂದು ಮೀನು ಜಾಗ ಬಿಡುತ್ತದೆ.

ಏರಿಳಿತ ಎಷ್ಟೆಂದು ತಿಳಿಯಬೇಕಾದರೆ ಕೇರಳದ ಲೆಕ್ಕ ನೋಡಿ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2012ರಲ್ಲಿ ಅಲ್ಲಿ ಸುಮಾರು 4 ಲಕ್ಷ ಟನ್ ಮತ್ತಿ ದಡಕ್ಕೆ ಬಂದಿತ್ತು. 2021ರಲ್ಲಿ ಬಂದದ್ದು ಸುಮಾರು 3,300 ಟನ್. 2024ರ ಮುಂಗಾರು ಅನುಕೂಲವಾಗಿ ಮರಿಗಳು ವಿಪರೀತ ಹುಟ್ಟಿದವು. ಆದರೆ ಇದ್ದ ಊಟ ಅಷ್ಟೂ ಮರಿಗಳಿಗೆ ಸಾಲದೆ ಬೆಳವಣಿಗೆ ಕುಂಠಿತವಾಯಿತು. ಬೆರಳುದ್ದದ ಮತ್ತಿಯೇ ಸಂತೆ ತುಂಬಿದ್ದಕ್ಕೆ ಅದು ಕಾರಣ.

ಇಷ್ಟೆಲ್ಲ ನಿಸರ್ಗದ ಆಟವೇ ಆದರೆ ಮೀನುಗಾರಿಕೆಯ ತಪ್ಪಿಲ್ಲವೇ? ಇದೆ. ಸಂತಾನ ಕಡಿಮೆ ಇರುವ ವರ್ಷ ಮರಿಯನ್ನೂ ಬಳಿದರೆ ಚೇತರಿಕೆಗೆ ಬೀಜವೇ ಉಳಿಯುವುದಿಲ್ಲ. ಇದು ಹೊಸ ಅರಿವೂ ಅಲ್ಲ: ಬೂತಾಯಿ ಕುಸಿದಾಗ 1943ರಲ್ಲೇ ಮದ್ರಾಸ್ ಸರ್ಕಾರ ದಕ್ಷಿಣ ಕನ್ನಡ, ಮಲಬಾರಿನಲ್ಲಿ ಅದರ ಮರಿ ಹಿಡಿಯುವುದಕ್ಕೆ ನಿರ್ಬಂಧ ಹಾಕಿತ್ತು.

ಇನ್ನು ಎಣ್ಣೆಯ ಮಾತು. ಮೊಟ್ಟೆ ಇಟ್ಟು ಮುಗಿಸಿದ ಮೀನು ಬಡಕಲು, ಎಣ್ಣೆ ಇರುವುದಿಲ್ಲ. ಪಾಚಿ ತಿಂದು ಕೊಬ್ಬಿದ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್ ಹೊತ್ತಿಗೆ, ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ಬೇಯುತ್ತದೆ. ವರ್ಷಕ್ಕೊಮ್ಮೆ ಹೊಟ್ಟೆ ತುಂಬ ಮತ್ತಿ ತಿನ್ನುವುದಿದ್ದರೆ ಹುತ್ತರಿಯ ಆಸುಪಾಸಿನ ಆ ಕಾಲವೇ ಸರಿ.

ಬಂಗುಡೆ ಸಾರು ಉಂಡ ಅರ್ಧ ಗಂಟೆಯಲ್ಲಿ ಮನೆಯ ಇಬ್ಬರಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು. ಫಾರ್ಮಾಲಿನ್ ಇತ್ತೇ? ಕಾಚಂಪುಳಿ ಹಾಕಿ ಚೆನ್ನಾಗಿ ಕುದಿಸಿದ್ದೆವು.
– ಓದುಗರು, ಗೋಣಿಕೊಪ್ಪ

ನೀವು ಬರೆದ ಲಕ್ಷಣಗಳು ಹಿಸ್ಟಮಿನ್ ವಿಷಕ್ಕೆ ಹೊಂದುತ್ತವೆ, ಫಾರ್ಮಾಲಿನ್‌ಗೆ ಅಲ್ಲ. ಬಂಗುಡೆ, ಬೂತಾಯಿ, ಕೇದರದಂಥ ಕಪ್ಪು ಮಾಂಸದ ಮೀನಿನಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಮೀನು ಐಸ್ ಇಲ್ಲದೆ ಬೆಚ್ಚಗಾದರೆ ಕಿವಿರು, ಕರುಳಿನ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹುರಿದರೂ ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ಕಾಚಂಪುಳಿ ಮೀನಿನ ಕೌಲು ವಾಸನೆಯನ್ನು ಕಟ್ಟಿಹಾಕುತ್ತದೆ, ಮಾಂಸವನ್ನೂ ಗಟ್ಟಿ ಮಾಡುತ್ತದೆ. ಹಿಸ್ಟಮಿನ್ ಮುಂದೆ ಅದರ ಆಟ ನಡೆಯದು. ಹಾಗಾಗಿ ಹುಳಿ ಹಾಕುವ ಮುಂಚೆಯೇ ಮೂಸಿ ನೋಡಿ. ವಾಸನೆ ಚೆನ್ನಾಗಿದ್ದ ಮೀನಿನಲ್ಲೂ ಹಿಸ್ಟಮಿನ್ ಇರಬಹುದು ಎಂಬುದೂ ನೆನಪಿರಲಿ. ಲಕ್ಷಣ ಕಂಡರೆ ವೈದ್ಯರಲ್ಲಿಗೆ ಹೋಗಿ, ಉಸಿರಾಟಕ್ಕೆ ಕಷ್ಟವಾದರೆ ಒಂದು ಕ್ಷಣವೂ ತಡಮಾಡಬೇಡಿ.

ತಡೆಯುವುದೆಲ್ಲ ಐಸಿನ ಲೆಕ್ಕದಲ್ಲಿದೆ. 30 ಡಿಗ್ರಿಯಲ್ಲಿರುವ 1 ಕಿಲೋ ಮೀನನ್ನು 0 ಡಿಗ್ರಿಗೆ ಇಳಿಸಲೆಂದೇ ಸುಮಾರು 320 ಗ್ರಾಂ ಐಸ್ ಕರಗಬೇಕು. ಆ ಮೇಲೆ ದಾರಿಯುದ್ದಕ್ಕೂ ಹೊರಗಿನ ಬಿಸಿಯನ್ನು ತಡೆಯಲು ಇನ್ನಷ್ಟು ಬೇಕು. ಅದಕ್ಕೇ ದೂರದ ಸಾಗಣೆಗೆ ಮೀನಿನ ತೂಕದಷ್ಟೇ ಐಸ್ ಎಂಬ ನಿಯಮ. ಮಂಗಳೂರಿನಿಂದ ಮಡಿಕೇರಿಗೆ ಹತ್ತಿರ ಹತ್ತಿರ 140 ಕಿ.ಮೀ. ಬುಟ್ಟಿಯ ಮೇಲೆ ಮಾತ್ರ ಐಸ್ ಸುರಿದರೆ ಮೇಲಿನ ಮೀನು ತಣ್ಣಗಿರುತ್ತದೆ, ಅಡಿಯ ಮೀನು ಬೇಯುತ್ತದೆ. ತಳಕ್ಕೆ ನಾಲ್ಕು ಬೆರಳು ಐಸ್, ಒಂದು ಪದರ ಮೀನು, ಮತ್ತೆ ಐಸ್, ಹೀಗೆ ಜೋಡಿಸಬೇಕು. ಐಸ್ ಪುಡಿಯಾಗಿರಬೇಕು, ಗಡ್ಡೆ ಹಾಕಿದರೆ ಮಾಂಸ ಜಜ್ಜಿಹೋಗುತ್ತದೆ, ನಡುವೆ ಗಾಳಿಯೂ ಉಳಿಯುತ್ತದೆ. ಪೆಟ್ಟಿಗೆಯ ತಳದಲ್ಲಿ ತೂತು ಇರಲೇಬೇಕು, ಇಲ್ಲದಿದ್ದರೆ ಮೀನು ರಕ್ತದ ನೀರಿನಲ್ಲೇ ನೆನೆಯುತ್ತದೆ. ಮಾರುವವರಲ್ಲಿ ಪೆಟ್ಟಿಗೆಯ ಅಡಿಯ ಮೀನು ತೆಗೆದು ತೋರಿಸಲು ಕೇಳಿ, ಕೈಯಿಂದ ಮುಟ್ಟಿ ನೋಡಿ. ಮನೆಗೆ ತಂದ ಕೂಡಲೇ ಕಿವಿರು, ಕರುಳು ತೆಗೆದು ತೊಳೆದು ಫ್ರಿಜ್‌ಗೆ ಸೇರಿಸಿ. ಸಂಜೆಯವರೆಗೆ ಪಾತ್ರೆಯಲ್ಲಿ ನೀರು ಹಾಕಿ ಇಡುವುದು ಬೇಡ.

ಫಾರ್ಮಾಲಿನ್ ಬೆರೆಸುವುದು ಕಾನೂನುಬಾಹಿರ. ಸಂಶಯವಿದ್ದರೆ ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಕಾಗದದ ಪಟ್ಟಿಯ ಪರೀಕ್ಷೆ ಇದೆ: ಪಟ್ಟಿಯನ್ನು ಮೀನಿಗೆ ಉಜ್ಜಿ, ಕೊಟ್ಟಿರುವ ದ್ರಾವಣದ ಹನಿ ಹಾಕಿ, ಬಣ್ಣವನ್ನು ಕಿಟ್‌ನ ನಕ್ಷೆಯ ಜೊತೆ ಹೋಲಿಸುವುದು. ನೊಣ ಕೂರದಿದ್ದರೆ ಫಾರ್ಮಾಲಿನ್ ಎಂಬ ನಂಬಿಕೆ ಬಿಡಿ, ಚೆನ್ನಾಗಿ ಐಸ್ ಹಾಕಿದ ಮೀನಿಗೂ ನೊಣ ಕಡಿಮೆಯೇ. ಅರಣೆ ಮೀನಿನಲ್ಲಿ ಫಾರ್ಮಾಲಿನ್‌ನ ಮೂಲವಸ್ತುವಾದ ಫಾರ್ಮಾಲ್ಡಿಹೈಡ್ ತಾನಾಗಿಯೇ ಹುಟ್ಟುತ್ತದೆ, ಅದೊಂದರ ಫಲಿತಾಂಶ ನೋಡಿ ಯಾರನ್ನೂ ದೂರಬೇಡಿ.

ಮಳೆಗಾಲಕ್ಕೆಂದು ಕೂಡಿಟ್ಟ ಒಣಮೀನು ಜುಲೈಯಲ್ಲಿ ಕೆಂಪು ಬಣ್ಣಕ್ಕೆ ತಿರುಗಿ ಅಂಟಂಟಾಗುತ್ತದೆ.
– ಓದುಗರು, ಸೋಮವಾರಪೇಟೆ

ಆ ಕೆಂಪು, ಉಪ್ಪನ್ನೇ ಇಷ್ಟಪಡುವ ಬ್ಯಾಕ್ಟೀರಿಯಾ. ಉಪ್ಪಿನ ಗದ್ದೆಯ ಕಚ್ಚಾ ಉಪ್ಪಿನ ಜೊತೆ ಬಂದು, ಗಾಳಿಯ ತೇವ ಸಿಕ್ಕೊಡನೆ ಬೆಳೆಯುತ್ತದೆ. ಕಂದು ಚುಕ್ಕೆಯಾದರೆ ಅದು ಬೂಸ್ಟು. ಅಂಟು, ಕೆಟ್ಟ ನಾತ ಎರಡೂ ಬಂದಿದ್ದರೆ ತಿನ್ನಬೇಡಿ, ಉಜ್ಜಿ ತೊಳೆದು ಮತ್ತೆ ಒಣಗಿಸುವುದು ಪರಿಹಾರವಲ್ಲ.

ಕೊಳ್ಳುವಾಗಲೇ ನೋಡಬೇಕು. ಬಗ್ಗಿಸಿದರೆ ದಪ್ಪ ಭಾಗ ಮೆತ್ತಗೆ ಬಾಗುವ ಮೀನು ಒಳಗೆ ಒಣಗಿಲ್ಲ. ಮೂರು ಪಾಲು ಮೀನಿಗೆ ಒಂದು ಪಾಲು ಉಪ್ಪು ಹಾಕಿ, ನೆಲದಿಂದ ಎತ್ತರದ ಬಲೆಯ ಚಪ್ಪರದಲ್ಲಿ ಒಣಗಿಸಿದ್ದು ಬಾಳಿಕೆ ಬರುತ್ತದೆ. ಮರಳಿನ ಮೇಲೆ ಹರಡಿದ್ದು ಹಲ್ಲಿಗೆ ಸಿಕ್ಕೇ ಸಿಗುತ್ತದೆ. ಮೇ ಮೂರನೇ ವಾರದೊಳಗೆ ಎರಡು ದಿನ ಬಿಸಿಲಿಗೆ ಹಾಕಿ, ಪೂರ್ತಿ ತಣಿದ ಮೇಲೆ ಒಂದೊಂದು ಅಡುಗೆಗೆ ಬೇಕಾಗುವಷ್ಟು ಸಣ್ಣ ಪೊಟ್ಟಣ ಕಟ್ಟಿ, ಗಾಳಿಯಾಡದ ಡಬ್ಬದಲ್ಲಿಡಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಒಳಗೇ ಬೆವರುತ್ತದೆ. ಒಂದೇ ದೊಡ್ಡ ಡಬ್ಬವನ್ನು ದಿನಾ ತೆರೆಯುವುದೇ ಕೊಡಗಿನ ಮಳೆಯಲ್ಲಿ ಒಣಮೀನು ಕೆಡಲು ಮೊದಲ ಕಾರಣ. ಒಲೆಯ ಮೇಲಿನ ಅಟ್ಟ ಇದ್ದ ಮನೆಗಳಲ್ಲಿ ಈ ತೊಂದರೆ ಇರಲಿಲ್ಲ.

ಕಾಫಿ, ಕರಿಮೆಣಸಿಗೆ ಮೀನು ಗೊಬ್ಬರ ಹಾಕಬಹುದೇ?
– ಓದುಗರು, ಸುಂಟಿಕೊಪ್ಪ

ಹಾಕಬಹುದು. 20ನೇ ಶತಮಾನದ ಆರಂಭದಲ್ಲಿ ದಕ್ಷಿಣ ಕನ್ನಡ, ಮಲಬಾರ್ ಕರಾವಳಿಯಲ್ಲಿ ಬೂತಾಯಿ ಎಣ್ಣೆ ತೆಗೆಯುವ ಕೇಂದ್ರಗಳಿದ್ದವು, ಎಣ್ಣೆ ಹೋದ ಹಿಂಡಿ ತೋಟಗಳಿಗೆ ಗೊಬ್ಬರವಾಗುತ್ತಿತ್ತು. ಮೀನು ಗೊಬ್ಬರದಲ್ಲಿ ಸಾರಜನಕ ಶೇ. 4ರಿಂದ 10, ರಂಜಕ ಶೇ. 3ರಿಂದ 9 ಇರುತ್ತದೆ. ಪೊಟ್ಯಾಷ್ ತೀರ ಕಡಿಮೆ, ಅದನ್ನು ಬೇರೆ ಕೊಡಬೇಕು. ಉಪ್ಪು ಹಾಕಿದ ಒಣಮೀನಿನ ಪುಡಿ ಅಗ್ಗವೆಂದು ತರಬೇಡಿ, ಉಪ್ಪು ಬೇರಿಗೆ ಪೆಟ್ಟು. ಮಣ್ಣಿನೊಳಗೆ ಮುಚ್ಚದಿದ್ದರೆ ಕಾಡುಹಂದಿ ಬುಡವನ್ನೇ ಅಗೆದುಹಾಕುತ್ತದೆ.

ಮೆಣಸಿನ ಬಳ್ಳಿಗೆ ದ್ರವ ಬೇಕಾದರೆ ಮೀನಂಗಡಿಯ ತಲೆ, ಕರುಳು, ಕಿವಿರು ತಂದು ಸಮತೂಕದ ಬೆಲ್ಲ ಪುಡಿಮಾಡಿ ಕಲಸಿ. ನೀರು ಸೇರಿಸಬೇಡಿ. ಪಾತ್ರೆಯ ಮೂರನೇ ಒಂದು ಪಾಲು ಖಾಲಿ ಬಿಟ್ಟು, ಮುಚ್ಚಿ ನೆರಳಿನಲ್ಲಿ 3ರಿಂದ 4 ವಾರ ಇಡಿ. ಸೋಸಿ, 1 ಲೀಟರ್ ನೀರಿಗೆ 2ರಿಂದ 5 ಮಿ.ಲೀ. ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಸರಿಯಾದದ್ದು ಹುಳಿಸಿಹಿ ವಾಸನೆ ಬರುತ್ತದೆ. ಕೊಳೆತ ನಾತ, ಹುಳು ಬಂದರೆ ಬೆಲ್ಲ ಕಡಿಮೆಯಾಗಿದೆ ಅಥವಾ ನೀರು ಸೇರಿದೆ.

ಒಂದು ವಿನಂತಿ: ಇದಕ್ಕಾಗಿ ಇಡೀ ಮರಿಮೀನು ಕೊಳ್ಳಬೇಡಿ. ಮರಿಮೀನಿಗೆ ಈಗಾಗಲೇ ಮೀನುಪುಡಿ ಕಾರ್ಖಾನೆಗಳ ಬೇಡಿಕೆ ಇದೆ, ಅಲ್ಲಿ 1 ಕಿಲೋ ಪುಡಿಗೆ 4ರಿಂದ 5 ಕಿಲೋ ಹಸಿಮೀನು ಬೇಕು. ಗೊಬ್ಬರಕ್ಕೆ ಕಸವೇ ಸಾಕು.

ನಮ್ಮಲ್ಲಿ ಬೀಳುವ ಮಳೆಗೂ ಕಡಲ ಮೀನಿಗೂ ಸಂಬಂಧ ಇದೆಯೇ?
– ಓದುಗರು, ಸಂಪಾಜೆ

ನಿಮ್ಮೂರಿನ ಪಯಸ್ವಿನಿಯೇ ಸುಳ್ಯ ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗಿ ಅರಬ್ಬೀ ಸಮುದ್ರ ಸೇರುತ್ತದೆ. ಬರಪೊಳೆ ವಳಪಟ್ಟಣಂ ನದಿಗೆ, ಪುಷ್ಪಗಿರಿಯ ನೀರು ಕುಮಾರಧಾರೆಯಾಗಿ ನೇತ್ರಾವತಿಗೆ ಸೇರುತ್ತದೆ. ಕಾವೇರಿಯದು ಮಾತ್ರ ಮೂಡಣ ದಾರಿ. ಬೂತಾಯಿಯ ಭವಿಷ್ಯ ಬರೆಯುವುದು ಮುಖ್ಯವಾಗಿ ಕಡಲ ಗಾಳಿ. ನದಿಯ ಪ್ರಭಾವ ಹೆಚ್ಚು ಕಾಣುವುದು ಅಳಿವೆಯಲ್ಲಿ. ಸಿಗಡಿ ಮರಿಗಳು ಅಳಿವೆಯ ಉಪ್ಪು ಬೆರೆತ ನೀರಿನಲ್ಲಿ ಬೆಳೆದು, ಮುಂಗಾರಿನ ನೆರೆ ಬಂದಾಗ ಕಡಲಿಗೆ ಇಳಿಯುತ್ತವೆ. ಚಿಪ್ಪುಜೀವಿ ಮರ್ವಾಯಿಗೆ ಓಡುವ ಕಾಲಿಲ್ಲ. ಉಪ್ಪಿನಂಶ ಹಲವು ದಿನ ತೀರ ಇಳಿದರೆ, ಅಥವಾ ಗುಡ್ಡದಿಂದ ಕೊಚ್ಚಿಬಂದ ಕೆಸರು ಮುಚ್ಚಿದರೆ, ಇದ್ದಲ್ಲೇ ಸಾಯುತ್ತದೆ.

ಸಣ್ಣ ಮೀನು ಕೊಳ್ಳಬೇಡಿ ಎನ್ನುತ್ತೀರಿ. ಎಷ್ಟು ಸಣ್ಣದು? ಅಳತೆ ಹೇಳಿ.
– ಓದುಗರು, ಕುಶಾಲನಗರ

ನತ್ತೋಲಿಯಂಥವು ಹುಟ್ಟಾ ಸಣ್ಣವು, ಅವನ್ನು ಧಾರಾಳವಾಗಿ ಕೊಳ್ಳಿ. ದೊಡ್ಡದಾಗುವ ಜಾತಿಯ ಮರಿಯ ಬಗ್ಗೆ ಮಾತ್ರ ನಮ್ಮ ತಕರಾರು. ಕೇರಳದ ಕಾನೂನಿನಂತೆ ಮೂತಿಯಿಂದ ಬಾಲದ ತುದಿಯವರೆಗೆ ಮತ್ತಿ 10 ಸೆಂ.ಮೀ., ಬಂಗುಡೆ 14 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ. ಟ್ರಾಲ್ ಬಲೆಯ ತುದಿಚೀಲಕ್ಕೆ ಚೌಕ ಕಣ್ಣು ಇರಲಿ ಎಂದು ಸಂಶೋಧಕರು ಹೇಳುವುದೂ ಇದಕ್ಕೇ: ವಜ್ರಾಕಾರದ ಕಣ್ಣು ಎಳೆತಕ್ಕೆ ಮುಚ್ಚಿಕೊಳ್ಳುತ್ತದೆ, ಚೌಕ ಕಣ್ಣು ತೆರೆದೇ ಇದ್ದು ಮರಿ ಪಾರಾಗುತ್ತದೆ.

ಸಂತೆಯಲ್ಲಿ ಅಳತೆಪಟ್ಟಿ ಬೇಕಿಲ್ಲ. ಈಗಿನ 100 ರೂಪಾಯಿ ನೋಟಿನ ಉದ್ದ 14.2 ಸೆಂ.ಮೀ., 500ರದ್ದು 15 ಸೆಂ.ಮೀ. ನೂರರ ನೋಟಿಗಿಂತ ಗಿಡ್ಡ ಇರುವ ಬಂಗುಡೆ ಬಿಟ್ಟುಬಿಡಿ. ಐನೂರರ ನೋಟಿನಷ್ಟುದ್ದ ಇಲ್ಲದ ಮತ್ತಿ ಬಹುಪಾಲು ಇನ್ನೂ ಒಮ್ಮೆಯೂ ಮೊಟ್ಟೆ ಇಟ್ಟಿಲ್ಲ, ಆಯ್ಕೆ ಇದ್ದ ದಿನ ದೊಡ್ಡದನ್ನೇ ಕೇಳಿ. ನೋಟನ್ನು ಒದ್ದೆ ಮೀನಿನ ಮೇಲಿಡಬೇಡಿ, ಪಕ್ಕದಲ್ಲಿ ಹಿಡಿದರೆ ಸಾಕು.