ಹೆಸರಿಡುವುದರಲ್ಲೇ ಕಳೆದ ಎರಡು ತಿಂಗಳು

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.)

ಮೂವತ್ತರ ಆಸುಪಾಸಿನ ಆ ಯುವಕ ಆಪ್ತಸಲಹೆಗೆ ನನ್ನ ಬಳಿ ಬಂದದ್ದು ನಿದ್ದೆ ಬರುವುದಿಲ್ಲವೆಂದು. ವೃತ್ತಿಯಲ್ಲಿ ವಿಡಿಯೊ ಎಡಿಟರ್. ಯಾವಾಗಿನಿಂದ ಹೀಗೆ ಎಂದು ಕೇಳಿದೆ. "ಸ್ಕ್ರೀನ್ ಪೂರ್ತಿ ಕೆಂಪಾಯಿತಲ್ಲ ಮೇಡಂ, ಆ ರಾತ್ರಿಯಿಂದ" ಎಂದರು.

ನಲವತ್ತು ನಿಮಿಷದ ಒಂದು ಸಾಕ್ಷ್ಯಚಿತ್ರದ ಎಡಿಟಿಂಗ್ ಎರಡು ತಿಂಗಳಿಂದ ಅವರ ಕೈಯಲ್ಲಿತ್ತು. ಒಂದು ವರ್ಷ ಶೂಟ್ ಮಾಡಿದ್ದು, ಎರಡು ಕ್ಯಾಮೆರಾ, ಜೊತೆಗೆ ಫೋನಿನಲ್ಲಿ ತೆಗೆದವು. ಒಟ್ಟು 2,400 ಕ್ಲಿಪ್, 41 ಗಂಟೆಯ ಫೂಟೇಜ್. ಎರಡೂ ಕ್ಯಾಮೆರಾಗಳು ಫೈಲುಗಳಿಗೆ 0001ರಿಂದಲೇ ಸಂಖ್ಯೆ ಕೊಟ್ಟಿದ್ದರಿಂದ ಒಂದೇ ಹೆಸರಿನ ಕ್ಲಿಪ್‌ಗಳು ರಾಶಿ ಬಿದ್ದಿದ್ದವು. ಒಂದು ರಾತ್ರಿ ಬೇಸತ್ತು, ಹಾರ್ಡ್‌ಡಿಸ್ಕ್‌ನ ಫೋಲ್ಡರಿಗೇ ಹೋಗಿ ನೂರಾರು ಫೈಲುಗಳ ಹೆಸರು ಬದಲಿಸಿದ್ದಾರೆ. ಪ್ರಾಜೆಕ್ಟ್ ತೆರೆದರೆ ಟೈಮ್‌ಲೈನ್ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ತುಂಬ ಕೆಂಪು: 'ಮೀಡಿಯಾ ಆಫ್‌ಲೈನ್'. ಎಡಿಟಿಂಗ್ ಸಾಫ್ಟ್‌ವೇರ್ ಸಾಮಾನ್ಯವಾಗಿ ಕ್ಲಿಪ್ಪನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಅದು ಎಲ್ಲಿದೆ, ಹೆಸರೇನು ಎಂಬ ವಿಳಾಸವನ್ನಷ್ಟೇ ಇಟ್ಟುಕೊಳ್ಳುತ್ತದೆ. ಹೊರಗಿನಿಂದ ಹೆಸರು ಬದಲಿಸಿದರೆ ವಿಳಾಸ ತಪ್ಪುತ್ತದೆ, ಫೂಟೇಜ್ ಇದ್ದಲ್ಲೇ ಇರುತ್ತದೆ. ಇದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಕೈ ನಡುಗಿತು, ಉಸಿರು ಕಟ್ಟಿದಂತಾಯಿತು. ಮರುದಿನ ಕೂತು ಎಲ್ಲವನ್ನೂ ರೀಲಿಂಕ್ ಮಾಡಿದರು, ಅಂದರೆ ಸರಿಯಾದ ವಿಳಾಸಕ್ಕೆ ಮತ್ತೆ ಜೋಡಿಸಿದರು. ಎದೆಬಡಿತ ಮಾತ್ರ ಹಾಗೇ ಉಳಿಯಿತು.

ವೈದ್ಯರ ಬಳಿ ಒಮ್ಮೆ ತೋರಿಸಿಕೊಂಡು ಬರಲು ಹೇಳಿ, ಎರಡನೇ ಭೇಟಿಗೆ ಲ್ಯಾಪ್‌ಟಾಪ್ ತರಿಸಿದೆ. ನನಗೆ ಎಡಿಟಿಂಗ್ ಬಾರದು. ಆದರೆ ಒಬ್ಬರನ್ನು ಹಿಂಡುತ್ತಿರುವ ಕೆಲಸವನ್ನು ಕಣ್ಣಾರೆ ನೋಡದೆ ಸಲಹೆ ಕೊಡುವುದು ನನಗೆ ಒಗ್ಗುವುದಿಲ್ಲ. ಪ್ರಾಜೆಕ್ಟ್‌ನಲ್ಲಿ ನಾಲ್ಕು ಬಗೆಯ ವಿಂಗಡಣೆ ಕಂಡಿತು. ದಿನಾಂಕದ ಪ್ರಕಾರ ಬಿನ್‌ಗಳು (ಸಾಫ್ಟ್‌ವೇರಿನೊಳಗೆ ಕ್ಲಿಪ್ ವಿಂಗಡಿಸಿಡುವ ಫೋಲ್ಡರುಗಳು), ಕ್ಯಾಮೆರಾ ಪ್ರಕಾರ ಬಿನ್‌ಗಳು, ವ್ಯಕ್ತಿಗಳ ಹೆಸರಿನಲ್ಲಿ ಬಿನ್‌ಗಳು, ಮೇಲೆ ಬಣ್ಣದ ಲೇಬಲ್ಲು. ಯಾವುದೂ ಅರ್ಧ ದಾಟಿರಲಿಲ್ಲ.

"ಇದರಲ್ಲಿ ನೀವು ನೋಡಿ ಮುಗಿಸಿದ್ದೆಷ್ಟು?"

ತುಂಬ ಹೊತ್ತು ಸುಮ್ಮನಿದ್ದರು. "ಆರು ಗಂಟೆ ಇರಬಹುದು ಮೇಡಂ."

ಎರಡು ತಿಂಗಳಲ್ಲಿ ಆರು ಗಂಟೆ. ತಮ್ಮನ್ನು ತಾವು ಸೋಮಾರಿ ಎಂದು ಬೈದುಕೊಳ್ಳುತ್ತಿದ್ದರು. ನನಗೆ ಹಾಗೆ ಕಾಣಲಿಲ್ಲ. ಕ್ಲಿಪ್ ನೋಡಿದರೆ ತೀರ್ಪು ಕೊಡಬೇಕಾಗುತ್ತದೆ: ಇದು ಇರಲಿ, ಇದು ಬೇಡ. ಯಾರೋ ಮನಸ್ಸು ಬಿಚ್ಚಿ ಆಡಿದ ಮಾತನ್ನು 'ಬೇಡ' ಎನ್ನುವುದು ಅವರಿಗೆ ದ್ರೋಹದಂತೆ ಅನಿಸುತ್ತಿತ್ತು. ಬಿನ್‌ನಿಂದ ಬಿನ್‌ಗೆ ಸರಿಸುವುದರಲ್ಲಿ ತೀರ್ಪಿಲ್ಲ, ಕೆಲಸ ನಡೆದ ಸಮಾಧಾನವಿದೆ. ತಪ್ಪಿಸಿಕೊಂಡಾಗ ಸಿಗುವ ಆ ಸಣ್ಣ ನೆಮ್ಮದಿಯೇ ಮತ್ತೆ ಮತ್ತೆ ತಪ್ಪಿಸಿಕೊಳ್ಳುವ ಅಭ್ಯಾಸವನ್ನು ಬಲಪಡಿಸುತ್ತದೆ. ಆತಂಕದಲ್ಲಿ ನಾವು ಪದೇ ಪದೇ ಕಾಣುವ ಸುಳಿ ಇದು. ಇಲ್ಲಿ ಅದು ಅಚ್ಚುಕಟ್ಟುತನದ ವೇಷದಲ್ಲಿದ್ದುದರಿಂದ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ನಾನು ಮೊದಲು ಹಿಡಿದದ್ದು ಬ್ಯಾಕಪ್ಪನ್ನು. ಇಡೀ ವರ್ಷದ ದುಡಿಮೆ ಒಂದೇ ಹಾರ್ಡ್‌ಡಿಸ್ಕ್‌ನಲ್ಲಿತ್ತು! ಕಾರಣವಿರುವ ಭಯಕ್ಕೆ ಉಸಿರಾಟದ ವ್ಯಾಯಾಮ ಹೇಳಿಕೊಡುವುದು ಸರಿಯಲ್ಲ, ಕಾರಣವನ್ನೇ ತೆಗೆಯಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ ನಿಯಮ ಅವರಿಗೆ ಗೊತ್ತಿದ್ದದ್ದೇ; ಮಾಡಿರಲಿಲ್ಲ. ಅದು ಮುಗಿಯುವವರೆಗೆ ಪ್ರಾಜೆಕ್ಟ್ ತೆರೆಯಬಾರದು ಎಂದೆ. ಕ್ಯಾಮೆರಾ ಕಾರ್ಡಿನಿಂದ ಬಂದದ್ದು ಬಂದಂತೆಯೇ ದಿನಾಂಕ ಮತ್ತು ಕ್ಯಾಮೆರಾ ಹೆಸರಿನ ಫೋಲ್ಡರುಗಳಲ್ಲಿ ಇರಲಿ, ಹೆಸರು ಬದಲಿಸಲೇಬೇಕಾದರೆ ಸಾಫ್ಟ್‌ವೇರಿನ ಒಳಗೆ ಮಾತ್ರ ಎಂದು ಅವರೇ ಬರೆದು ಗೋಡೆಗೆ ಅಂಟಿಸಿಕೊಂಡರು.

ಇನ್ನೊಂದು ಅಡ್ಡಿ ಮನಸ್ಸಿನದಲ್ಲ. ಕ್ಲಿಪ್ ತಡವರಿಸಿ ಓಡುತ್ತಿತ್ತು. ಕ್ಯಾಮೆರಾಗಳು ಹೆಚ್ಚಾಗಿ ಬಳಸುವ ಎಚ್.264, ಎಚ್.265 ವಿಧಾನಗಳಲ್ಲಿ ಹೆಚ್ಚಿನ ಫ್ರೇಮುಗಳು ಪೂರ್ಣ ಚಿತ್ರವಾಗಿರುವುದಿಲ್ಲ, ಅಕ್ಕಪಕ್ಕದ ಫ್ರೇಮಿಗಿಂತ ಬದಲಾದದ್ದನ್ನಷ್ಟೇ ದಾಖಲಿಸಿರುತ್ತವೆ. ಹಿಂದೆ ಮುಂದೆ ಎಳೆದಾಡಿದಾಗಲೆಲ್ಲ ಕಂಪ್ಯೂಟರ್ ಚಿತ್ರವನ್ನು ಮತ್ತೆ ಕಟ್ಟಬೇಕು. ಎಡಿಟಿಂಗ್‌ಗೆ ಹಗುರವಾದ ನಕಲು ಫೈಲುಗಳನ್ನು, ಅಂದರೆ ಪ್ರಾಕ್ಸಿಗಳನ್ನು, ರಾತ್ರಿಯೆಲ್ಲ ಬಿಟ್ಟು ತಯಾರಿಸಿಕೊಂಡರು. ಕೊನೆಯ ಔಟ್‌ಪುಟ್ ಹೇಗೂ ಮೂಲ ಫೈಲಿನಿಂದಲೇ.

ಆಮೇಲೆ ಲೆಕ್ಕ ಹಾಕಿದೆವು. ಉಳಿದದ್ದು 35 ಗಂಟೆ. ದಿನಕ್ಕೆ ಎರಡೂವರೆ ಗಂಟೆಯಾದರೆ 14 ದಿನ. "ಅಷ್ಟೇನಾ?" ಎಂದರು. ಎರಡು ತಿಂಗಳಿಂದ ಅದನ್ನು ಭಾಗಿಸಿಯೇ ನೋಡಿರಲಿಲ್ಲ.

ಕ್ರಮ ಹೀಗೆ ಗೊತ್ತಾಯಿತು. ಒಂದು ದಿನ ಶೂಟ್ ಆದ ಕ್ಲಿಪ್‌ಗಳನ್ನೆಲ್ಲ ಹೊತ್ತಿನ ಕ್ರಮದಲ್ಲಿ ಒಂದೇ ಟೈಮ್‌ಲೈನಿಗೆ ಹಾಕಿ ನೋಡುತ್ತಾ ಹೋಗುವುದು. ಮನಸ್ಸು ತಟ್ಟಿದಲ್ಲಿ ಮಾರ್ಕರ್ ಒತ್ತಿ, ಒಂದು ಸಾಲು ಟಿಪ್ಪಣಿ. ಏಕೆ, ಎಲ್ಲಿ ಬಳಸಲಿ ಎಂದು ಯೋಚಿಸಲು ನಿಲ್ಲಬಾರದು. ಆಮೇಲೆ ಗುರುತಾದ ಭಾಗಗಳನ್ನಷ್ಟೇ 'ಸೆಲೆಕ್ಟ್ಸ್' ಎಂಬ ಇನ್ನೊಂದು ಟೈಮ್‌ಲೈನಿಗೆ ನಕಲು ಮಾಡುವುದು. ಏನನ್ನೂ ಅಳಿಸುವಂತಿಲ್ಲ. 'ಬೇಡ' ಎಂದು ಹೇಳಬೇಕಾಗಿಯೇ ಇಲ್ಲ, 'ಇದು ಬೇಕು' ಎಂದರೆ ಸಾಕು. ಅವರ ಮುಖ ಸಡಿಲಗೊಂಡದ್ದು ಈ ಮಾತಿಗೇ. ಹೊಸ ಬಿನ್ ಮಾಡುವ ತವಕ ಬಂದರೆ ಕಾಗದದಲ್ಲಿ ಗಂಟೆ ಬರೆದು ಮತ್ತೆ ಪ್ಲೇ ಒತ್ತಬೇಕು. ಮೊದಲ ವಾರ ಕಾಗದ ಭರ್ತಿಯಾಗಿತ್ತು, ಮೂರನೇ ವಾರ ನಾಲ್ಕೇ ನಮೂದು.

ನನ್ನ ಒಂದು ಸಲಹೆ ಕೆಲಸ ಮಾಡಲಿಲ್ಲ. 25 ನಿಮಿಷಕ್ಕೊಮ್ಮೆ ಅಲಾರಂ ಇಟ್ಟು ಏಳಿ ಎಂದಿದ್ದೆ. ಸಂದರ್ಶನದ ನಡುವೆ ಅಲಾರಂ ಹೊಡೆದು ಮಾತಿನ ಎಳೆಯೇ ತಪ್ಪುತ್ತಿತ್ತಂತೆ. ಸಂದರ್ಶನ ಮುಗಿದಲ್ಲಿ ಏಳುವುದೆಂದು ಬದಲಿಸಿದೆವು.

ಹದಿನಾಲ್ಕು ದಿನದ ಕೆಲಸಕ್ಕೆ ಇಪ್ಪತ್ತೆರಡು ದಿನ ಹಿಡಿಯಿತು. ಸೆಲೆಕ್ಟ್ಸ್ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಬಂದು ನಿಂತಿದೆ. ರಾತ್ರಿ ಆರು ಗಂಟೆ ನಿದ್ದೆ ಬರುತ್ತಿದೆ. ಕಳೆದ ಭೇಟಿಯಲ್ಲಿ, ಬೇರೇನೋ ಮಾತಿನ ನಡುವೆ, ಸ್ಕ್ರೀನ್ ಮತ್ತೊಮ್ಮೆ ಕೆಂಪಾದದ್ದನ್ನು ಹೇಳಿದರು. ಡ್ರೈವ್‌ನ ಕೇಬಲ್ ಸಡಿಲವಾಗಿತ್ತಂತೆ. ಸಿಕ್ಕಿಸಿ ಕೆಲಸ ಮುಂದುವರಿಸಿದರಂತೆ. ರಫ್ ಕಟ್ಟನ್ನು (ಚಿತ್ರದ ಮೊದಲ ಕರಡು ಜೋಡಣೆ) ನಿರ್ದೇಶಕರಿಗೆ ತೋರಿಸಲು ಇನ್ನೂ ಅಳುಕಿದೆ. ಮುಂದಿನ ವಾರ ಅದನ್ನೇ ಮಾತಾಡಲಿದ್ದೇವೆ.