ಓದುಗರ ಪ್ರಶ್ನೆ: ಹಳೆಯ ರೆಡ್ ಆಕ್ಸೈಡ್ ನೆಲವನ್ನು ಉಳಿಸಿಕೊಳ್ಳಬಹುದೇ?

ಪ್ರಶ್ನೆ: ನಮ್ಮ ಹಳೆಯ ಮನೆಯ ಕೆಂಪು ರೆಡ್ ಆಕ್ಸೈಡ್ ನೆಲ ಮಂಕಾಗಿದ್ದು, ಅಲ್ಲಲ್ಲಿ ಬಿರುಕು ಬಿಟ್ಟಿದೆ. ಅದನ್ನು ಕಿತ್ತು ಟೈಲ್ಸ್ ಹಾಕಿಸಬೇಕೇ? ಮನೆಗೆ ಹಳೆಯ ಕಳೆ ಉಳಿಯುವ ದಾರಿಯಿದ್ದರೆ ತಿಳಿಸಿ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೆಲ ಕುಸಿಯದೆ, ಅಡಿಯಿಂದ ಪೊಳ್ಳು ಸದ್ದು ಬಾರದೆ ಇದ್ದರೆ ದಯವಿಟ್ಟು ಕೀಳಿಸಬೇಡಿ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಬಣ್ಣ ಬೆರೆಸಿ, ಗಾರೆಯವರು ಕರಣೆಯಿಂದ ತಿಕ್ಕಿ ತಿಕ್ಕಿ ನುಣುಪು ಬರಿಸಿ, ಹಲವು ದಿನ ನೀರುಣಿಸಿ ಗಟ್ಟಿಗೊಳಿಸಿದ ಆ ಮೇಲ್ಮೈಯನ್ನು ಇಂದು ಅಷ್ಟೇ ಚೆನ್ನಾಗಿ ಮಾಡಿಕೊಡುವ ಕೈಗಳು ವಿರಳ. ಬಿರುಕನ್ನು ತುಂಬಿಸಬಹುದು, ಆದರೆ ತೇಪೆಯ ಬಣ್ಣ ಹಳೆಯದಕ್ಕೆ ಪೂರ್ತಿ ಹೊಂದುವುದಿಲ್ಲ. ಕೂದಲೆಳೆಯಷ್ಟು ಸಣ್ಣ ಬಿರುಕುಗಳನ್ನು ಹಾಗೆಯೇ ಬಿಡುವುದು ನಮ್ಮ ಮಟ್ಟಿಗೆ ಮೇಲು. ಆಸಿಡ್ ಸಿಮೆಂಟನ್ನು ತಿನ್ನುವುದರಿಂದ ಅದನ್ನು ಬಳಸದೆ, ಸೌಮ್ಯ ಸೋಪಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಮೇಣದ ಪಾಲಿಶ್ ಹಚ್ಚಿಸಿ.

ಇಂಥ ನೆಲಕ್ಕೆ ಸುಣ್ಣದ ಬಿಳಿ ಗೋಡೆ ಮತ್ತು ತೇಗದ ಬಾಗಿಲು ಒಪ್ಪುತ್ತವೆ. ಕಪಾಟಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಹಿಡಿಗಳನ್ನು ಹಾಕಿಸಬಹುದು. ಬಿಸಿಗೆ ಅರಗು ಮೆತ್ತಗಾಗುವುದರಿಂದ ಒಲೆಯ ಪಕ್ಕದಲ್ಲಿ ಮಾತ್ರ ಬೇಡ.